ಏಂಜಲ್ ಫಿಶ್ ಸಾಕುವುದು ಹೇಗೆ: ಟ್ಯಾಂಕ್ ಆರಿಸುವುದರಿಂದ ಮರಿ ಬೆಳೆಸುವವರೆಗೆ

ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಏಂಜಲ್ ಫಿಶ್ ಮರಿ ಸಾಮಾನ್ಯವಾಗಿ ಒಂದು ನಾಣ್ಯದಷ್ಟಿರುತ್ತದೆ. ವರ್ಷ ಕಳೆಯುವಷ್ಟರಲ್ಲಿ ಅದರ ಮೈ ಅಂಗೈ ತುಂಬುವಷ್ಟಾಗುತ್ತದೆ. ಬೆನ್ನಿನ ರೆಕ್ಕೆಯ ತುದಿಯಿಂದ ಕೆಳಗಿನ ರೆಕ್ಕೆಯ ತುದಿವರೆಗೆ ಅಳೆದರೆ 20 ಸೆಂಟಿಮೀಟರ್ ದಾಟುವುದೂ ಉಂಟು. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಬದುಕಬಲ್ಲ ಮೀನು ಇದು. ಆದರೆ ಹೆಚ್ಚಿನವರು ಮರಿಯನ್ನು ನೋಡಿ ಟ್ಯಾಂಕ್ ತರುತ್ತಾರೆ, ಮರಿಯನ್ನು ನೋಡಿಯೇ ಜೊತೆಗೆ ಯಾವ ಮೀನು ಬಿಡಬೇಕು ಅಂತ ತೀರ್ಮಾನಿಸುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ಈ ಲೇಖನದಲ್ಲಿ ಪ್ರತಿ ಹಂತದಲ್ಲೂ ಬೆಳೆದ ಮೀನನ್ನೇ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ. ನೀವೂ ಹಾಗೇ ಮಾಡಿ.

ಮೊದಲು ಮೀನಿನ ಪರಿಚಯ

ಏಂಜಲ್ ಫಿಶ್‌ನ ತವರು ದಕ್ಷಿಣ ಅಮೆರಿಕ. ಅಮೆಜಾನ್ ಮತ್ತು ಒರಿನೋಕೊ ನದಿಗಳ ಕಡೆ, ನೀರು ನಿಧಾನವಾಗಿ ಹರಿಯುವ ಜಾಗಗಳಲ್ಲಿ, ಮುಳುಗಿದ ಕೊಂಬೆ, ಬೇರು, ಜೊಂಡುಗಳ ನಡುವೆ ಇರುತ್ತದೆ. ಅದರ ಮೈ ಎರಡೂ ಕಡೆಯಿಂದ ಒತ್ತಿದ ಹಾಗೆ ತೆಳ್ಳಗಿರುವುದು, ಮೈಮೇಲೆ ಉದ್ದುದ್ದ ಕಪ್ಪು ಪಟ್ಟೆ ಇರುವುದು, ಎರಡೂ ಈ ಜಾಗಕ್ಕೆ ಹೇಳಿ ಮಾಡಿಸಿದ್ದು. ಬೇರುಗಳ ಸಂದಿಯಲ್ಲಿ ಸುಲಭವಾಗಿ ನುಸುಳುತ್ತದೆ, ಪಟ್ಟೆಗಳಿಂದಾಗಿ ಕಣ್ಣಿಗೆ ಬೀಳುವುದಿಲ್ಲ.

ಇದರಲ್ಲಿ ಮೂರು ಜಾತಿ: ಸ್ಕೇಲಾರೆ, ಆಲ್ಟಮ್, ಲಿಯೋಪೋಲ್ಡಿ. ಅಂಗಡಿಯಲ್ಲಿ ಸಿಗುವ ಮಾರ್ಬಲ್, ಕೋಯಿ, ಗೋಲ್ಡ್, ಜೀಬ್ರಾ, ಬ್ಲ್ಯಾಕ್, ವೇಲ್ ಟೇಲ್ ಇವೆಲ್ಲ ಬೇರೆ ಬೇರೆ ಜಾತಿಗಳಲ್ಲ. ಹೆಚ್ಚುಕಡಿಮೆ ಎಲ್ಲವೂ ಟ್ಯಾಂಕ್‌ನಲ್ಲೇ ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ಸ್ಕೇಲಾರೆಯ ಬಣ್ಣದ ತಳಿಗಳು. ಆಲ್ಟಮ್ ತುಂಬಾ ಸುಂದರವಾದ ಎತ್ತರದ ಮೀನು, ಆದರೆ ಅದಕ್ಕೆ ಬಹಳ ಮೃದುವಾದ, ಆಮ್ಲೀಯ, ಬೆಚ್ಚಗಿನ ನೀರೇ ಬೇಕು. ಹೊಸಬರು ಸ್ಕೇಲಾರೆಯಿಂದಲೇ ಶುರು ಮಾಡಿ.

ಇನ್ನೊಂದು ಮಾತು. ಎಷ್ಟೇ ಸೌಮ್ಯವಾಗಿ ಕಂಡರೂ ಏಂಜಲ್ ಫಿಶ್ ಸಿಕ್ಲಿಡ್ ಕುಟುಂಬದ್ದು. ಜೋಡಿ ಕಟ್ಟುತ್ತದೆ, ಜಾಗ ಹಿಡಿಯುತ್ತದೆ, ಮೊಟ್ಟೆ ಮರಿ ಕಾಯುತ್ತದೆ, ಬಾಯಿಗೆ ಹಿಡಿಸುವ ಸಣ್ಣ ಮೀನನ್ನು ನುಂಗುತ್ತದೆ. ಇದು ಮೀನಿನ ಕೆಟ್ಟ ಗುಣ ಅಲ್ಲ, ಹುಟ್ಟುಗುಣ. ನಾವು ಅದಕ್ಕೆ ತಕ್ಕ ಹಾಗೆ ಏರ್ಪಾಡು ಮಾಡಬೇಕು, ಅಷ್ಟೆ.

ಟ್ಯಾಂಕ್ ಎಷ್ಟು ದೊಡ್ಡದಿರಬೇಕು?

ಬೇರೆ ಮೀನುಗಳಿಗೆ ಟ್ಯಾಂಕಿನ ಉದ್ದ ಮುಖ್ಯ. ಏಂಜಲ್‌ಗೆ ಉದ್ದದ ಜೊತೆ ಎತ್ತರವೂ ಬೇಕು. ಕನಿಷ್ಠ 45 ಸೆಂಟಿಮೀಟರ್ ಎತ್ತರ ಇರಲಿ, 50 ಇದ್ದರೆ ಇನ್ನೂ ಒಳ್ಳೆಯದು. ಗಿಡ್ಡ ಟ್ಯಾಂಕಿನಲ್ಲಿ ಬೆಳೆದರೆ ಉದ್ದದ ರೆಕ್ಕೆಗಳು ತಳದ ಮರಳಿಗೆ ಉಜ್ಜಿ ಹರಿಯುತ್ತವೆ, ಬಾಗುತ್ತವೆ. ಒಮ್ಮೆ ಬಾಗಿದ ರೆಕ್ಕೆ ಮತ್ತೆ ನೆಟ್ಟಗಾಗುವುದು ಕಷ್ಟ.

ಒಂದು ಜೋಡಿಗೆ ಮಾತ್ರ ಅಂದರೆ 80ರಿಂದ 100 ಲೀಟರ್ ಸಾಕು. ಐದಾರು ಮೀನಿನ ಗುಂಪು ಬೇಕು ಅನ್ನುವವರು 200 ಲೀಟರ್‌ಗಿಂತ ಕಡಿಮೆ ಯೋಚಿಸಲೇಬೇಡಿ. 120 ಸೆಂಟಿಮೀಟರ್ ಉದ್ದ, 45 ಅಗಲ, 50 ಎತ್ತರದ ಟ್ಯಾಂಕ್ ಪೂರ್ತಿ ತುಂಬಿದರೆ 270 ಲೀಟರ್ ಆಗುತ್ತದೆ. ಇಂಥ ಟ್ಯಾಂಕಿನಲ್ಲಿ ಏಂಜಲ್ ಗುಂಪು ನಿಜವಾಗಿ ಈಜುವುದನ್ನು ನೋಡಬಹುದು. ದುಂಡನೆಯ ಗಾಜಿನ ಬೌಲ್ ಈ ಮೀನಿಗೆ ಖಂಡಿತ ಬೇಡ.

ತೂಕವನ್ನು ಮರೆಯಬೇಡಿ. ನೀರೊಂದೇ ಲೀಟರ್‌ಗೆ ಒಂದು ಕಿಲೋ. ಅದರ ಮೇಲೆ ಗಾಜು, ಮರಳು, ಕಲ್ಲು. ಹಾಗಾಗಿ ಸ್ಟ್ಯಾಂಡ್ ಗಟ್ಟಿಯಾಗಿರಬೇಕು, ಮಟ್ಟವಾಗಿ ಕೂತಿರಬೇಕು. ಸ್ವಲ್ಪ ವಾಲಿದ್ದರೂ ಗಾಜಿನ ಒಂದು ಅಂಚಿಗೆ ಭಾರ ಬಿದ್ದು ಬಿರುಕು ಬಿಡಬಹುದು. ನೀರು ತುಂಬುವ ಮೊದಲೇ ಮಟ್ಟಗೋಲು ಇಟ್ಟು ನೋಡಿ. ನೇರ ಬಿಸಿಲು ಬೀಳುವ ಕಿಟಕಿಯ ಪಕ್ಕ ಬೇಡ, ಪಾಚಿ ಹಿಡಿಯುತ್ತದೆ, ನೀರಿನ ಬಿಸಿ ಏರಿಳಿಯುತ್ತದೆ. ಬಾಗಿಲು ದಡದಡ ಬಡಿಯುವ ಕಡೆಯೂ ಬೇಡ. ಏಂಜಲ್ ಬೆಚ್ಚಿಬೀಳುವ ಮೀನು, ಗಾಬರಿಯಾದರೆ ಗಾಜಿಗೆ ಹೋಗಿ ಡಿಕ್ಕಿ ಹೊಡೆಯುತ್ತದೆ.

ಫಿಲ್ಟರ್, ಹೀಟರ್, ಒಳಗಿನ ಸಜ್ಜು

ನಿಧಾನದ ನೀರಿನ ಮೀನು ಅಂತ ಹೇಳಿದೆನಲ್ಲ, ಫಿಲ್ಟರ್ ಆರಿಸುವಾಗ ಅದನ್ನು ನೆನಪಿಡಿ. ಗಂಟೆಗೆ ಟ್ಯಾಂಕಿನ ನೀರಿನ ನಾಲ್ಕೈದು ಪಟ್ಟು ತಿರುಗಿಸುವ ಫಿಲ್ಟರ್ ಸಾಕು. ಆದರೆ ನೀರು ರಭಸವಾಗಿ ನುಗ್ಗಬಾರದು. ಅಗಲವಾದ ಮೈಯ ಈ ಮೀನು ಪ್ರವಾಹದ ಎದುರು ಇಡೀ ದಿನ ಈಜಿ ಸುಸ್ತಾಗುತ್ತದೆ. ಫಿಲ್ಟರಿನ ಬಾಯನ್ನು ಗೋಡೆಯ ಕಡೆ ತಿರುಗಿಸಿ, ಇಲ್ಲವೇ ಉದ್ದಕ್ಕೆ ತೂತುಗಳಿರುವ ಸ್ಪ್ರೇ ಪೈಪ್ ಹಾಕಿ. ಚಿಕ್ಕ ಟ್ಯಾಂಕಿಗೆ, ಅದರಲ್ಲೂ ಮರಿಗಳಿರುವ ಟ್ಯಾಂಕಿಗೆ, ಏರ್ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರ್‌ನಷ್ಟು ಒಳ್ಳೆಯದು ಬೇರೆ ಇಲ್ಲ. ಮರಿಯನ್ನು ಎಳೆದುಕೊಳ್ಳುವುದಿಲ್ಲ, ಕೆಟ್ಟುಹೋಗುವಂಥದ್ದು ಅದರಲ್ಲಿ ಏನೂ ಇಲ್ಲ.

ನೀರಿನ ಬಿಸಿ 26ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ. ಹೀಟರ್ ಲೀಟರ್‌ಗೆ ಸುಮಾರು ಒಂದು ವ್ಯಾಟ್ ಲೆಕ್ಕದಲ್ಲಿ ಕೊಳ್ಳಿ. ಹೀಟರ್ ಮೇಲೆ ಬರೆದ ಅಂಕಿಯನ್ನು ನಂಬಿ ಕೂರಬೇಡಿ, ಒಂದು ಥರ್ಮಾಮೀಟರ್ ಬೇರೆ ಇಟ್ಟು ದಿನಾ ನೋಡಿ. ನೀರು ಬದಲಿಸುವಾಗ ಹೀಟರ್ ಆಫ್ ಮಾಡಲು ಮರೆಯಬೇಡಿ, ನೀರಿನಿಂದ ಹೊರಗೆ ಉಳಿದು ಕಾದರೆ ಅದರ ಗಾಜು ಒಡೆಯುತ್ತದೆ.

ತಳಕ್ಕೆ ನುಣುಪಾದ ಮರಳು ಅಥವಾ ಸಣ್ಣ ಜಲ್ಲಿ. ಚೂಪಾದ ಕಲ್ಲು, ಮುರುಕು ಅಂಚಿನ ಅಲಂಕಾರದ ಸಾಮಾನು ಬೇಡ. ನಿಂತಂತೆ ಇರುವ ಮರದ ಬೇರು ಒಂದೆರಡು, ಅಗಲ ಎಲೆಯ ಅಮೆಜಾನ್ ಸ್ವೋರ್ಡ್, ಹಿಂದಿನ ಗೋಡೆಗೆ ವ್ಯಾಲಿಸ್ನೇರಿಯಾ, ಬೇರಿಗೆ ಕಟ್ಟಿದ ಜಾವಾ ಫರ್ನ್ ಅಥವಾ ಅನುಬಿಯಾಸ್. ಇಷ್ಟಿದ್ದರೆ ಬೇಕಾದಷ್ಟಾಯಿತು. ಗಿಡಗಳನ್ನು ಹಿಂದೆ ಮತ್ತು ಪಕ್ಕಕ್ಕೆ ಸರಿಸಿ ಮುಂದಿನ ಜಾಗ ಖಾಲಿ ಬಿಡಿ. ಲೈಟ್ ದಿನಕ್ಕೆ ಎಂಟು ಗಂಟೆ ಸಾಕು.

ಮೀನಿಗಿಂತ ಮೊದಲು ಬ್ಯಾಕ್ಟೀರಿಯಾ

ಈ ಭಾಗವನ್ನು ದಯವಿಟ್ಟು ಬಿಟ್ಟು ಮುಂದೆ ಹೋಗಬೇಡಿ. ಹೊಸ ಟ್ಯಾಂಕಿನಲ್ಲಿ ವಾರದೊಳಗೆ ಮೀನು ಸತ್ತರೆ ಹೆಚ್ಚಾಗಿ ಕಾರಣ ಇದೇ.

ಮೀನಿನ ಕಿವಿರು ಮತ್ತು ಹಿಕ್ಕೆಯಿಂದ, ಉಳಿದ ಆಹಾರ ಕೊಳೆಯುವುದರಿಂದ ಅಮೋನಿಯಾ ಬರುತ್ತದೆ. ಅದು ಕಿವಿರನ್ನು ಸುಡುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ, ರಕ್ತ ಆಮ್ಲಜನಕ ಒಯ್ಯುವುದನ್ನು ಅದು ತಡೆಯುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯದ್ದಲ್ಲ, ವಾರವಾರ ನೀರು ಬದಲಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಾಡುವುದು ಕಡಿಮೆ, ಫಿಲ್ಟರಿನ ಸ್ಪಾಂಜ್ ಮತ್ತು ಮರಳಿನ ಮೇಲೆ ಅಂಟಿಕೊಂಡು ಬೆಳೆಯುತ್ತವೆ. ಹೊಸ ಟ್ಯಾಂಕಿನಲ್ಲಿ ಇವು ಇರುವುದಿಲ್ಲ. ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಇದಕ್ಕೆ ಟ್ಯಾಂಕ್ ಸೈಕಲ್ ಮಾಡುವುದು ಅನ್ನುತ್ತಾರೆ.

ಮೀನು ಬಿಡದೆ ಸೈಕಲ್ ಮಾಡುವುದೇ ಸರಿಯಾದ ದಾರಿ. ಟ್ಯಾಂಕ್ ತುಂಬಿ, ಫಿಲ್ಟರ್ ಹೀಟರ್ ಆನ್ ಮಾಡಿ. ಸುಗಂಧ, ಸೋಪು ಸೇರದ ಶುದ್ಧ ಅಮೋನಿಯಾ ದ್ರಾವಣ ಸಿಕ್ಕರೆ ಅಳತೆ 2 ಪಿಪಿಎಂ (ಲೀಟರ್‌ಗೆ 2 ಮಿಲಿಗ್ರಾಂ) ತೋರಿಸುವಷ್ಟು ಹಾಕಿ. ಸಿಗದಿದ್ದರೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬನ್ನಿ, ಅದು ಕೊಳೆತು ಅಮೋನಿಯಾ ಆಗುತ್ತದೆ. ದ್ರವದ ಟೆಸ್ಟ್ ಕಿಟ್‌ನಿಂದ ಎರಡು ದಿನಕ್ಕೊಮ್ಮೆ ಅಳೆಯಿರಿ. ಮೊದಲು ಅಮೋನಿಯಾ ಏರುತ್ತದೆ. ಅದು ಇಳಿಯತೊಡಗಿದಾಗ ನೈಟ್ರೈಟ್ ಏರುತ್ತದೆ. ಕೊನೆಗೆ ನೈಟ್ರೈಟ್ ಇಳಿದು ನೈಟ್ರೇಟ್ ಕಾಣಿಸುತ್ತದೆ. 2 ಪಿಪಿಎಂ ಅಮೋನಿಯಾ ಹಾಕಿದರೆ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂತು ಅಂದರೆ ಟ್ಯಾಂಕ್ ಸಿದ್ಧ. ದೊಡ್ಡದಾಗಿ ನೀರು ಬದಲಿಸಿ, ಆಮೇಲೆ ಮೀನು ತನ್ನಿ.

ಆರೋಗ್ಯವಾದ ಹಳೆಯ ಟ್ಯಾಂಕ್ ಇರುವವರು ಪರಿಚಯದಲ್ಲಿದ್ದರೆ ಅವರ ಫಿಲ್ಟರಿನ ಸ್ಪಾಂಜ್ ತುಂಡೊಂದನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿಗೆ ಹಾಕಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಕೆಲಸ ಮಾಡುತ್ತದೆ, ವಾರಗಳು ಉಳಿಯುತ್ತವೆ. ನೀರು ತಿಳಿಯಾಗಿ ಕಾಣುತ್ತಿದೆ ಅಂತ ಮಾತ್ರ ಮೋಸಹೋಗಬೇಡಿ. ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ.

ನೀರಿನ ಗುಣ

ಟ್ಯಾಂಕ್‌ನಲ್ಲೇ ಹುಟ್ಟಿ ಬೆಳೆದ ಸ್ಕೇಲಾರೆಗೆ ಪಿಎಚ್ (ನೀರಿನ ಆಮ್ಲೀಯತೆಯ ಅಳತೆ) 6ರಿಂದ 7.5ರ ನಡುವೆ ಇದ್ದರೆ ಹಿತ. ಸ್ವಲ್ಪ ಜಾಸ್ತಿಯಿದ್ದರೂ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳಲಾಗದ್ದು ದಿನಾ ಏರಿಳಿಯುವ ಪಿಎಚ್‌ಗೆ. ಆದ್ದರಿಂದ ಪಿಎಚ್ ಏರಿಸುವ, ಇಳಿಸುವ ಬಾಟಲಿಗಳ ಹಿಂದೆ ಬೀಳಬೇಡಿ. ನೀರು ತೀರಾ ಗಡಸಾಗಿದ್ದರೆ ಆರ್‌ಓ ನೀರನ್ನು ಒಂದು ಪಾಲು ಬೆರೆಸಿ, ಪ್ರತಿ ಸಲವೂ ಅದೇ ಅಳತೆಯಲ್ಲಿ ಬೆರೆಸಿ. ಬರೀ ಆರ್‌ಓ ನೀರು ಒಳ್ಳೆಯದಲ್ಲ, ಅದರಲ್ಲಿ ಖನಿಜಗಳು ಹೆಚ್ಚುಕಡಿಮೆ ಇರುವುದೇ ಇಲ್ಲ, ಪಿಎಚ್ ಇದ್ದಕ್ಕಿದ್ದಂತೆ ಕುಸಿಯಬಹುದು. ಮರದ ಬೇರು, ಒಣಗಿದ ಕಾಡುಬಾದಾಮಿ ಎಲೆ ಹಾಕಿದರೆ ನೀರಿಗೆ ತಿಳಿ ಚಹಾ ಬಣ್ಣ ಬರುತ್ತದೆ. ಹೆದರಬೇಡಿ, ಅದು ಏಂಜಲ್‌ಗೆ ತವರಿನ ಬಣ್ಣ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಆದರೆ ಕೆಲವು ಕಡೆ ಕ್ಲೋರಾಮಿನ್ ಬೆರೆಸುತ್ತಾರೆ, ಅದು ಹಾಗೆ ಹೋಗುವುದಿಲ್ಲ. ಎರಡನ್ನೂ ತೆಗೆಯುವ ವಾಟರ್ ಕಂಡಿಷನರ್ ದ್ರಾವಣ ಹಾಕಿಬಿಡುವುದೇ ನಿಶ್ಚಿಂತೆ.

ಮೀನು ಆರಿಸುವುದು, ಮನೆಗೆ ತರುವುದು

ಐದು ಅಥವಾ ಆರು ಮರಿಗಳನ್ನು ಒಟ್ಟಿಗೆ ತನ್ನಿ. ಎರಡೇ ತಂದರೆ ಒಂದು ಇನ್ನೊಂದನ್ನು ದಿನವಿಡೀ ಅಟ್ಟುತ್ತದೆ, ಪೆಟ್ಟು ತಿನ್ನುವುದಕ್ಕೆ ಬೇರೆ ಯಾರೂ ಇರುವುದಿಲ್ಲ. ಗುಂಪಿನಲ್ಲಿ ಜಗಳ ಹಂಚಿಹೋಗುತ್ತದೆ. ಮುಂದೆ ಅವುಗಳಲ್ಲೇ ಒಂದು ಜೋಡಿ ತಾನಾಗಿ ಕೂಡಿಕೊಳ್ಳುತ್ತದೆ. ಎಳೆಯ ಏಂಜಲ್‌ನಲ್ಲಿ ಗಂಡು ಹೆಣ್ಣು ಗುರುತಿಸಲು ಆಗುವುದಿಲ್ಲ, ಹಾಗಾಗಿ ಗುಂಪು ಬೆಳೆಸುವುದೇ ಜೋಡಿ ಪಡೆಯುವ ಸುಲಭದ ದಾರಿ.

ಅಂಗಡಿಯಲ್ಲಿ ಅವಸರ ಮಾಡಬೇಡಿ. ಹತ್ತು ನಿಮಿಷ ಟ್ಯಾಂಕಿನ ಮುಂದೆ ಸುಮ್ನೆ ನಿಂತು ನೋಡಿ. ರೆಕ್ಕೆ ಬಿಚ್ಚಿ ಈಜುತ್ತಿದೆಯಾ, ಮುದುಡಿಕೊಂಡಿದೆಯಾ? ಎರಡೂ ಕಿವಿರು ಒಂದೇ ಸಮ ಆಡುತ್ತಿವೆಯಾ? ಎದೆಯ ಕೆಳಗಿನ ನೂಲಿನಂಥ ಎರಡು ರೆಕ್ಕೆ ನೆಟ್ಟಗಿವೆಯಾ? ಹೊಟ್ಟೆ ಒಳಗೆ ಹೋಗಿದೆಯಾ? ಇವೆಲ್ಲ ಹೆಚ್ಚಿನವರು ನೋಡುತ್ತಾರೆ. ಹೆಚ್ಚಿನವರು ನೋಡದ ಒಂದು ಗುರುತು ಕಣ್ಣು. ಮೈಗೆ ಹೋಲಿಸಿದರೆ ಕಣ್ಣು ದೊಡ್ಡದಾಗಿ ಕಂಡರೆ ಆ ಮರಿಯ ಬೆಳವಣಿಗೆ ಕುಂಠಿತವಾಗಿದೆ ಅಂತಲೇ ತಿಳಿಯಿರಿ. ವಯಸ್ಸಾಗಿದೆ, ಮೈ ಬೆಳೆದಿಲ್ಲ. ಮನೆಗೆ ತಂದು ಎಷ್ಟು ಉಣಿಸಿದರೂ ಅದು ಪೂರ್ತಿ ಬೆಳೆಯುವುದು ಕಷ್ಟ. ಸ್ವಲ್ಪ ಆಹಾರ ಹಾಕಿ ತೋರಿಸಿ ಅಂತ ಕೇಳಲು ಸಂಕೋಚ ಬೇಡ. ಆಹಾರ ಬಿದ್ದ ಕೂಡಲೇ ಮುಂದೆ ಬರುವ ಮರಿಗಳನ್ನೇ ಆರಿಸಿ. ಟ್ಯಾಂಕಿನಲ್ಲಿ ಒಂದು ಸತ್ತ ಮೀನು ಕಂಡರೂ ಆವತ್ತು ಬರಿಗೈಯಲ್ಲಿ ವಾಪಸ್ ಬನ್ನಿ.

ಮನೆಗೆ ಬಂದ ಮೇಲೆ ಲೈಟ್ ಆರಿಸಿ. ಕವರನ್ನು ಹಾಗೇ ನೀರಿನ ಮೇಲೆ 15ರಿಂದ 20 ನಿಮಿಷ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ ಟ್ಯಾಂಕಿನ ನೀರನ್ನು ಐದೈದು ನಿಮಿಷಕ್ಕೆ ಸ್ವಲ್ಪ ಸ್ವಲ್ಪ ಸೇರಿಸಿ. ಕೊನೆಗೆ ಮೀನನ್ನು ಮಾತ್ರ ಟ್ಯಾಂಕಿಗೆ ಬಿಡಿ, ಕವರಿನ ನೀರನ್ನು ಚೆಲ್ಲಿಬಿಡಿ. ದೊಡ್ಡ ಏಂಜಲ್ ಆದರೆ ಬಲೆಯ ಬದಲು ಅಗಲ ಬಾಯಿಯ ಡಬ್ಬಿಯಲ್ಲಿ ನೀರಿನ ಸಮೇತ ಹಿಡಿಯುವುದು ವಾಸಿ, ಬಲೆಗೆ ರೆಕ್ಕೆ ಸಿಕ್ಕಿ ಹರಿಯುತ್ತದೆ. ಮೊದಲ ದಿನ ಆಹಾರ ಬೇಡ.

ಟ್ಯಾಂಕಿನಲ್ಲಿ ಆಗಲೇ ಮೀನುಗಳಿದ್ದರೆ ಹೊಸ ಮೀನನ್ನು ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿ ಇಟ್ಟು ನೋಡಿ. ಚಿಕ್ಕದೊಂದು ಟ್ಯಾಂಕ್, ಸ್ಪಾಂಜ್ ಫಿಲ್ಟರ್, ಹೀಟರ್ ಇದ್ದರೆ ಆಯಿತು.

ಜೊತೆಗೆ ಯಾರಿರಬಹುದು?

ನಿಯಾನ್ ಟೆಟ್ರಾ ಮತ್ತು ಏಂಜಲ್ ಮರಿ ಒಟ್ಟಿಗೆ ಚೆಂದ ಕಾಣುತ್ತವೆ. ಆರು ತಿಂಗಳ ನಂತರ ನಿಯಾನ್‌ಗಳು ಒಂದೊಂದಾಗಿ ಕಾಣೆಯಾಗುತ್ತವೆ. ಬೆಳೆದ ಏಂಜಲ್‌ಗೆ ಅವು ಊಟ. ಗಪ್ಪಿ, ಅದರ ಮರಿಗಳು, ಸಣ್ಣ ಸಿಗಡಿ ಎಲ್ಲಕ್ಕೂ ಇದೇ ಗತಿ. ಇನ್ನೊಂದು ಕಡೆ ಟೈಗರ್ ಬಾರ್ಬ್, ಸರ್ಪೆ ಟೆಟ್ರಾ ಇವು ಏಂಜಲ್‌ನ ಉದ್ದದ ರೆಕ್ಕೆಯನ್ನು ಕಚ್ಚಿ ಕಚ್ಚಿ ಮೊಂಡು ಮಾಡುತ್ತವೆ. ಗೋಲ್ಡ್ ಫಿಶ್‌ಗೆ ತಂಪು ನೀರು ಬೇಕು, ಇದಕ್ಕೆ ಬೆಚ್ಚಗಿನ ನೀರು, ಹಾಗಾಗಿ ಅದೂ ಆಗುವುದಿಲ್ಲ.

ತಳದಲ್ಲಿ ಓಡಾಡುವ ಕೋರಿಡೋರಾಸ್ ಆರರ ಗುಂಪು, ಪಾಚಿ ತಿನ್ನಲು ಒಂದು ಬ್ರಿಸಲ್‌ನೋಸ್ ಪ್ಲೆಕೊ, ಮಧ್ಯದ ನೀರಿಗೆ ಬೆಳೆದ ರಮ್ಮಿನೋಸ್ ಅಥವಾ ಲೆಮನ್ ಟೆಟ್ರಾಗಳ ಗುಂಪು. ಇದು ಸಾಮಾನ್ಯವಾಗಿ ಹೊಂದಿಕೊಂಡು ಹೋಗುವ ಸಂಸಾರ. ಏಂಜಲ್‌ಗಳು ಚಿಕ್ಕವಿರುವಾಗಲೇ ಇವುಗಳ ಜೊತೆ ಬೆಳೆದರೆ ಇನ್ನೂ ಒಳ್ಳೆಯದು. ಡಿಸ್ಕಸ್ ಜೊತೆ ಇಡಬಹುದಾ ಅಂತ ಹಲವರು ಕೇಳುತ್ತಾರೆ. ನನ್ನ ಉತ್ತರ ಬೇಡ ಅಂತಲೇ. ಡಿಸ್ಕಸ್ ನಿಧಾನವಾಗಿ ತಿನ್ನುತ್ತದೆ, ಏಂಜಲ್ ಮುಂದೆ ನುಗ್ಗಿ ಎಲ್ಲ ಬಾಚಿಕೊಳ್ಳುತ್ತದೆ.

ಆಹಾರ

ಏಂಜಲ್ ಎಂದೂ ಹೊಟ್ಟೆ ತುಂಬಿತು ಅನ್ನುವುದಿಲ್ಲ. ನೀವು ಕೋಣೆಗೆ ಬಂದರೆ ಸಾಕು, ಗಾಜಿನ ಮುಂದೆ ಸಾಲಾಗಿ ನಿಂತು ಬಾಲ ಆಡಿಸುತ್ತವೆ. ಮನಸ್ಸು ಕರಗುತ್ತದೆ, ಅಲ್ವಾ? ಆದರೂ ಕೈ ಬಿಗಿ ಹಿಡಿಯಿರಿ. ಬೆಳೆದ ಮೀನಿಗೆ ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ವಾರಕ್ಕೊಂದು ದಿನ ಉಪವಾಸ ಮಾಡಿಸಿದರೂ ಏನೂ ಆಗುವುದಿಲ್ಲ. ಬೆಳೆಯುವ ಮರಿಗಳಿಗೆ ಮಾತ್ರ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಿ.

ದಿನದ ಊಟಕ್ಕೆ ಒಳ್ಳೆಯ ಸಿಕ್ಲಿಡ್ ಪೆಲೆಟ್ ಅಥವಾ ಫ್ಲೇಕ್. ವಾರದಲ್ಲಿ ಎರಡು ಮೂರು ಸಲ ಫ್ರೋಜನ್ ಬ್ರೈನ್ ಶ್ರಿಂಪ್, ಡ್ಯಾಫ್ನಿಯಾ, ಬ್ಲಡ್‌ವರ್ಮ್‌ನಂಥ ಸಣ್ಣ ಜಲಜೀವಿಗಳು. ಸ್ಪಿರುಲಿನಾ ಇರುವ ಆಹಾರವೂ ಆಗಾಗ ಇರಲಿ. ಜೀವಂತ ಟ್ಯೂಬಿಫೆಕ್ಸ್ ಹುಳ ಮೀನಿಗೆ ಬಹಳ ಇಷ್ಟ, ಆದರೆ ಅವು ಕೊಳಚೆಯಲ್ಲಿ ಬೆಳೆಯುವುದರಿಂದ ರೋಗ ತರುತ್ತವೆ. ಅದನ್ನು ಕೊಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ವಾರದ ಕೆಲಸ

ವಾರಕ್ಕೊಮ್ಮೆ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ನೀರು ಬದಲಿಸಿ. ಸೈಫನ್ ಪೈಪಿನಿಂದ ತಳದ ಕಸವನ್ನೂ ಎಳೆದುಕೊಳ್ಳಿ. ಹೊಸ ನೀರು ಟ್ಯಾಂಕಿನ ನೀರಿನಷ್ಟೇ ಬೆಚ್ಚಗಿರಲಿ, ಕಂಡಿಷನರ್ ಹಾಕಿರಲಿ. ನೈಟ್ರೇಟ್ 20 ಪಿಪಿಎಂ ಒಳಗೆ ಇರುವ ಹಾಗೆ ನೋಡಿಕೊಂಡರೆ ಚೆನ್ನ. ಅಳತೆ ಏರುತ್ತಿದ್ದರೆ ನೀರು ಜಾಸ್ತಿ ಬದಲಿಸಿ, ಇಲ್ಲವೇ ಆಹಾರ ಕಡಿಮೆ ಮಾಡಿ.

ಫಿಲ್ಟರಿನ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ. ನಾಲ್ಕಾರು ವಾರ ಕಾದು ಬೆಳೆಸಿದ ಬ್ಯಾಕ್ಟೀರಿಯಾವನ್ನು ಕ್ಲೋರಿನ್ ಕೊಂದುಹಾಕುತ್ತದೆ. ಟ್ಯಾಂಕಿನಿಂದ ತೆಗೆದ ನೀರನ್ನೇ ಬಕೆಟ್ಟಿನಲ್ಲಿ ಹಿಡಿದು, ಅದರಲ್ಲಿ ಎರಡು ಮೂರು ಸಲ ಹಿಂಡಿ ವಾಪಸ್ ಹಾಕಿ. ಸ್ಪಾಂಜ್ ಹೊಸದರಂತೆ ಹೊಳೆಯಬೇಕಿಲ್ಲ, ಅದರೊಳಗೆ ನೀರು ಸರಾಗವಾಗಿ ಹೋದರೆ ಸಾಕು. ಕರೆಂಟ್ ಹೋಗುವ ಭಯ ಇರುವವರು ಬ್ಯಾಟರಿಯ ಏರ್ ಪಂಪ್ ಒಂದನ್ನು ಇಟ್ಟುಕೊಳ್ಳಿ.

ಕಾಯಿಲೆ ಬಂದರೆ

ಮೀನು ಮೂಲೆ ಸೇರಿತು, ರೆಕ್ಕೆ ಮುದುಡಿತು, ಊಟ ಬಿಟ್ಟಿತು ಅಂದರೆ ಔಷಧಿಗೆ ಓಡುವ ಮೊದಲು ನೀರು ಟೆಸ್ಟ್ ಮಾಡಿ. ಅಮೋನಿಯಾ ಅಥವಾ ನೈಟ್ರೈಟ್ ಸ್ವಲ್ಪ ಕಂಡರೂ ಅರ್ಧ ನೀರು ಬದಲಿಸಿ. ಎಷ್ಟೋ ಸಲ ಅಷ್ಟಕ್ಕೇ ಮೀನು ಚೇತರಿಸಿಕೊಳ್ಳುತ್ತದೆ.

ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆ ಕಂಡರೆ ಅದು ಇಚ್. ಈ ಪರಾವಲಂಬಿ ಚರ್ಮದ ಒಳಗಿರುವಾಗ ಔಷಧಿ ಮುಟ್ಟುವುದಿಲ್ಲ. ಅಲ್ಲಿಂದ ಉದುರಿ ತಳಕ್ಕೆ ಹೋಗಿ, ಗೂಡು ಕಟ್ಟಿ, ನೂರಾರಾಗಿ ಒಡೆದು, ಮತ್ತೆ ಮೀನು ಹುಡುಕಿ ಈಜುವಾಗ ಮಾತ್ರ ಅದನ್ನು ಕೊಲ್ಲಬಹುದು. ಚುಕ್ಕೆ ಮಾಯವಾದ ಕೂಡಲೇ ಔಷಧಿ ನಿಲ್ಲಿಸಬಾರದು ಅನ್ನುವುದು ಇದಕ್ಕೇ. ನೀರಿನ ಬಿಸಿಯನ್ನು ಒಂದೆರಡು ದಿನದಲ್ಲಿ ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಆಗ ಪರಾವಲಂಬಿಯ ಈ ಚಕ್ರ ಬೇಗ ಸುತ್ತುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದಕ್ಕಾಗಿ ಏರ್ ಸ್ಟೋನ್ (ಏರ್ ಪಂಪಿನ ಪೈಪಿಗೆ ಸಿಕ್ಕಿಸಿ ಗುಳ್ಳೆ ಬಿಡಿಸುವ ಕಲ್ಲು) ಹಾಕಿ. ಇಚ್ ಔಷಧಿಯನ್ನು ಬಾಟಲಿಯ ಮೇಲಿನ ಅಳತೆಯಂತೆ ಹಾಕಿ, ಕೊನೆಯ ಚುಕ್ಕೆ ಹೋದ ಮೇಲೂ ಕೆಲವು ದಿನ ಮುಂದುವರಿಸಿ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆದಿಡಿ, ಅದು ಔಷಧಿಯನ್ನೇ ಹೀರಿಕೊಳ್ಳುತ್ತದೆ.

ಬಿಳಿ ದಾರದಂಥ ಹಿಕ್ಕೆ, ಮೈ ಸೊರಗುವುದು, ಊಟ ಬಾಯಿಗೆ ಹಾಕಿಕೊಂಡು ಉಗುಳುವುದು, ಇವು ಕರುಳಿನ ಪರಾವಲಂಬಿಯ ಲಕ್ಷಣ. ಏಂಜಲ್‌ನಲ್ಲಿ ಇದು ಸಾಮಾನ್ಯ. ಮೆಟ್ರೋನಿಡಜೋಲ್ ಬೆರೆಸಿದ ಆಹಾರ ಇದಕ್ಕೆ ಮದ್ದು, ಅದು ತಿನ್ನುವಷ್ಟು ಶಕ್ತಿ ಮೀನಿಗೆ ಇರುವಾಗಲೇ ಶುರು ಮಾಡಬೇಕು. ಒಂದೇ ಕಿವಿರು ಆಡಿಸುತ್ತಾ, ಮೈಯನ್ನು ಕಲ್ಲಿಗೆ ಉಜ್ಜುತ್ತಿದ್ದರೆ ಕಿವಿರಿನ ಹುಳ ಇರಬಹುದು, ಅದಕ್ಕೆ ಪ್ರಾಜಿಕ್ವಾಂಟೆಲ್. ರೆಕ್ಕೆಯ ಅಂಚು ಕೊಳೆಯುತ್ತಿದ್ದರೆ ಹೆಚ್ಚಾಗಿ ನೀರು ಕೊಳೆ, ಅದನ್ನು ಮೊದಲು ಸರಿ ಮಾಡಿ.

ಜೋಡಿ ಕಟ್ಟಿದಾಗ

ಎಂಟರಿಂದ ಹನ್ನೆರಡು ತಿಂಗಳ ಹೊತ್ತಿಗೆ ಗುಂಪಿನ ಚಹರೆ ಬದಲಾಗುತ್ತದೆ. ಎರಡು ಮೀನು ಒಂದು ಮೂಲೆಯನ್ನು ಹಿಡಿದು, ಹತ್ತಿರ ಬಂದವರನ್ನೆಲ್ಲ ಅಟ್ಟತೊಡಗುತ್ತವೆ. ಬಾಯಿಗೆ ಬಾಯಿ ಕಚ್ಚಿಕೊಂಡು ಎಳೆದಾಡುವುದನ್ನೂ ನೋಡುತ್ತೀರಿ. ಟ್ಯಾಂಕಿನ ಒಂದರ್ಧ ಆ ಜೋಡಿಯದ್ದಾಗುತ್ತದೆ, ಉಳಿದವು ಇನ್ನೊಂದು ಮೂಲೆಯಲ್ಲಿ ಒತ್ತರಿಸಿಕೊಳ್ಳುತ್ತವೆ. ದೊಡ್ಡ ಟ್ಯಾಂಕ್ ಆದರೆ ನಡುವೆ ಬೇರು, ಗಿಡ ಇಟ್ಟು ಕಣ್ಣಿಗೆ ಮರೆ ಮಾಡಿ. ಅಷ್ಟಕ್ಕೂ ಒಂದರ ರೆಕ್ಕೆ ಹರಿಯುತ್ತಿದ್ದರೆ ಜೋಡಿಯನ್ನು ಬೇರೆ ಟ್ಯಾಂಕಿಗೆ ಸಾಗಿಸಿ. ಎರಡನೇ ಟ್ಯಾಂಕಿಗೆ ಜಾಗ ಇದೆಯಾ ಅಂತ ಮರಿ ತರುವ ಮೊದಲೇ ಯೋಚಿಸಿರಬೇಕು.

ಮೊಟ್ಟೆ ಇಡುವ ಮೊದಲು ಎರಡೂ ಸೇರಿ ನೆಟ್ಟಗೆ ನಿಂತ ಮೇಲ್ಮೈಯೊಂದನ್ನು ಆರಿಸುತ್ತವೆ. ಸ್ವೋರ್ಡ್ ಗಿಡದ ಎಲೆ, ವಾಲಿಸಿ ಇಟ್ಟ ಸ್ಲೇಟು ಕಲ್ಲು, ಫಿಲ್ಟರ್ ಪೈಪು, ಕೆಲವೊಮ್ಮೆ ಹೀಟರ್ ಕೂಡ. ದಿನವಿಡೀ ಅದನ್ನು ಬಾಯಿಂದ ಕುಕ್ಕಿ ಕುಕ್ಕಿ ಚೊಕ್ಕ ಮಾಡುತ್ತವೆ. ಹೊಟ್ಟೆಯ ಕೆಳಗೆ ಪುಟ್ಟ ನಳಿಕೆ ಇಳಿಯುವುದು ಈಗಲೇ. ಗಂಡಿನದು ಸಣ್ಣ, ಚೂಪು. ಹೆಣ್ಣಿನದು ದಪ್ಪ, ಮೊಂಡು. ಗಂಡು ಹೆಣ್ಣು ಖಚಿತವಾಗಿ ತಿಳಿಯುವುದು ಇದರಿಂದಲೇ. ಎರಡು ಹೆಣ್ಣುಗಳೇ ಜೋಡಿಯಾಗಿ ಮೊಟ್ಟೆ ಇಡುವುದೂ ಉಂಟು, ಆಗ ಮೊಟ್ಟೆಯೆಲ್ಲ ಬೆಳ್ಳಗಾಗಿ ಹಾಳಾಗುತ್ತವೆ.

ಹೆಣ್ಣು ಹೊಟ್ಟೆಯನ್ನು ಎಲೆಗೆ ತಾಗಿಸಿ ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ. ಹಿಂದೆ ಸಾಸಿವೆಗಿಂತ ಚಿಕ್ಕ, ಜೇನಿನ ಬಣ್ಣದ ಮೊಟ್ಟೆಗಳ ಸಾಲು ಅಂಟಿಕೊಂಡಿರುತ್ತದೆ. ಅದರ ಬೆನ್ನಿಗೇ ಗಂಡು ಅದೇ ಸಾಲಿನ ಮೇಲೆ ಮೆಲ್ಲಗೆ ಸಾಗುತ್ತದೆ. ಒಂದೆರಡು ಗಂಟೆಯಲ್ಲಿ ನೂರಾರು ಮೊಟ್ಟೆ. ಆಮೇಲೆ ಸರದಿಯ ಮೇಲೆ ಎದೆಯ ರೆಕ್ಕೆಯಿಂದ ಗಾಳಿ ಬೀಸಿದಂತೆ ನೀರು ಬೀಸುತ್ತವೆ, ಬೆಳ್ಳಗಾದ ಮೊಟ್ಟೆಯನ್ನು ಹೆಕ್ಕಿ ತೆಗೆಯುತ್ತವೆ.

28 ಡಿಗ್ರಿಯಲ್ಲಿ ಎರಡೂವರೆ ದಿನದ ಹೊತ್ತಿಗೆ ಮೊಟ್ಟೆ ಒಡೆಯುತ್ತದೆ. ಮರಿಗಳು ಆಗಲೇ ಈಜುವುದಿಲ್ಲ. ತಲೆಯ ಅಂಟಿನಿಂದ ಎಲೆಗೆ ತಗುಲಿಕೊಂಡು ಬಾಲ ಮಾತ್ರ ಅಲುಗಿಸುತ್ತಿರುತ್ತವೆ. ಇಡೀ ಎಲೆಯೇ ನಡುಗಿದ ಹಾಗೆ ಕಾಣುತ್ತದೆ. ಉದುರಿದ ಮರಿಯನ್ನು ತಾಯಿಯೋ ತಂದೆಯೋ ಬಾಯಲ್ಲಿ ಎತ್ತಿ ತಂದು ಮತ್ತೆ ಅಂಟಿಸುತ್ತದೆ. ಇನ್ನೂ ಐದು ದಿನದ ಹೊತ್ತಿಗೆ ಹೊಟ್ಟೆಯ ಹಳದಿ ಕರಗಿ, ಮರಿಗಳು ಒಂದು ಮೋಡದಂತೆ ಎದ್ದು ಈಜುತ್ತವೆ.

ಮೊದಲ ಕೆಲವು ಸಲ ಮೊಟ್ಟೆಯನ್ನು ಅಪ್ಪ ಅಮ್ಮನೇ ತಿಂದುಬಿಡುವುದು ಸಾಮಾನ್ಯ. ಎಳೆಯ ಜೋಡಿ, ಸುತ್ತಮುತ್ತ ಗಲಾಟೆ, ಇದ್ದಕ್ಕಿದ್ದಂತೆ ಕತ್ತಲು, ಹೀಗೆ ಕಾರಣ ಹಲವು. ರಾತ್ರಿ ಮಂದ ಬೆಳಕು ಬಿಟ್ಟರೆ ಸ್ವಲ್ಪ ಅನುಕೂಲ. ಎರಡು ಮೂರು ವಾರದಲ್ಲಿ ಮತ್ತೆ ಇಡುತ್ತವೆ, ಅವುಗಳಿಗೆ ಕಲಿಯಲು ಅವಕಾಶ ಕೊಡಿ. ಮರಿ ಬೇಕೇಬೇಕು ಅನ್ನುವವರು ಸ್ಲೇಟು ಕಲ್ಲನ್ನೇ ಮೊಟ್ಟೆ ಸಮೇತ ತೆಗೆದು, ಅದೇ ಟ್ಯಾಂಕಿನ ನೀರು ತುಂಬಿದ ಚಿಕ್ಕ ಟ್ಯಾಂಕಿಗೆ ಹಾಕಿ. ಪಕ್ಕದಲ್ಲಿ ಏರ್ ಸ್ಟೋನ್ ಗುಳ್ಳೆ ಬಿಡಲಿ, ಬೂಸ್ಟು ಹಿಡಿಯದಂತೆ ನೀರು ತಿಳಿನೀಲಿ ಆಗುವಷ್ಟು ಮೆಥಿಲೀನ್ ಬ್ಲೂ ಹಾಕಿ. ಮರಿ ಈಜುವ ಮೊದಲು ನೀರು ಬದಲಿಸಿ ನೀಲಿಯನ್ನು ತೆಗೆಯಿರಿ.

ಮರಿಗಳ ಪಾಲನೆ

ಈಜಲು ಶುರು ಮಾಡಿದ ದಿನವೇ ಊಟ ಸಿದ್ಧವಿರಬೇಕು. ಆಗಷ್ಟೇ ಒಡೆದ ಆರ್ಟೀಮಿಯಾ (ಬ್ರೈನ್ ಶ್ರಿಂಪ್) ಮರಿಗಿಂತ ಒಳ್ಳೆಯ ಆಹಾರ ಇಲ್ಲ. ಲೀಟರ್ ನೀರಿಗೆ ಸುಮಾರು 25 ಗ್ರಾಂ ಉಪ್ಪು ಹಾಕಿ, ಆರ್ಟೀಮಿಯಾ ಮೊಟ್ಟೆ ಸುರಿದು, ಬೆಚ್ಚಗಿಟ್ಟು ಗಾಳಿ ಬಿಟ್ಟರೆ ಒಂದು ದಿನದಲ್ಲಿ ಒಡೆಯುತ್ತವೆ. ಸೋಸಿ, ಸಿಹಿ ನೀರಿನಲ್ಲಿ ತೊಳೆದು ಕೊಡಿ. ತಿಂದ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿ ಹೊರಗೇ ಕಾಣುತ್ತದೆ. ಟಾರ್ಚ್ ಹಿಡಿದು ನೋಡಿ, ಯಾವುದು ತಿಂದಿದೆ, ಯಾವುದು ತಿಂದಿಲ್ಲ ಅಂತ ಅಲ್ಲೇ ತಿಳಿಯುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಕೊಟ್ಟು, ಎರಡು ಮೂರು ವಾರದ ನಂತರ ನುಣ್ಣಗೆ ಪುಡಿ ಮಾಡಿದ ಒಣ ಆಹಾರ ಬೆರೆಸುತ್ತಾ ಬನ್ನಿ. ಉಳಿಕೆ ಆಹಾರವನ್ನು ಸಣ್ಣ ಪೈಪಿನಿಂದ ದಿನಾ ತೆಗೆದು, ಸ್ವಲ್ಪ ನೀರು ಬದಲಿಸಬೇಕು.

ಒಂದು ತಿಂಗಳು ಕಳೆದ ಮೇಲೆ ಕಡ್ಡಿಯಂತಿದ್ದ ಮರಿಗಳಿಗೆ ಏಂಜಲ್ ಆಕಾರ ಬರುತ್ತದೆ. ಈ ಹಂತದಲ್ಲೇ ದಟ್ಟಣೆ ಕಡಿಮೆ ಮಾಡಬೇಕು. ಇನ್ನೂರು ಮರಿ ಒಂದೇ ಚಿಕ್ಕ ಟ್ಯಾಂಕಿನಲ್ಲಿ ಉಳಿದರೆ ಕೆಲವಕ್ಕೆ ರೆಕ್ಕೆ ಸರಿಯಾಗಿ ಬರುವುದಿಲ್ಲ, ಕೆಲವು ಬೆಳೆಯುವುದೇ ಇಲ್ಲ. ಅಂಗಡಿಯಲ್ಲಿ ನೋಡಿ ಬೇಡ ಅಂದ ದೊಡ್ಡ ಕಣ್ಣಿನ ಮರಿಗಳು ತಯಾರಾಗುವುದು ಹೀಗೆಯೇ. ನೀವು ಸಾಕಬಲ್ಲಷ್ಟು ಇಟ್ಟುಕೊಂಡು, ಉಳಿದದ್ದನ್ನು ದೊಡ್ಡ ಟ್ಯಾಂಕ್ ಇರುವ ಹವ್ಯಾಸಿಗಳಿಗೆ ಅಥವಾ ಮೀನಿನ ಅಂಗಡಿಗೆ ಕೊಡಿ. ಕೆರೆಗೋ ಹೊಳೆಗೋ ಮಾತ್ರ ಬಿಡಬೇಡಿ. ಅಲ್ಲಿನ ಮೀನುಗಳಿಗೆ ಹೊಸ ರೋಗ ಹೋಗಬಹುದು, ಈ ಮೀನು ಬದುಕಿ ಬೆಳೆದರೆ ಅವುಗಳ ಮರಿಗಳನ್ನೇ ತಿನ್ನಬಹುದು. ತೆಗೆದುಕೊಳ್ಳುವವರು ಯಾರೂ ಸಿಗದಿದ್ದರೆ, ಮುಂದಿನ ಸಲ ಮೊಟ್ಟೆಯನ್ನು ಬೇರೆ ಮಾಡದೆ ಗುಂಪಿನ ಟ್ಯಾಂಕಿನಲ್ಲೇ ಬಿಟ್ಟುಬಿಡಿ.